ಕಿರೀಟದ ಒಳಮೈ

ಶಲವಡಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹಿತ್ತಲಿನ ಒರಳಿನ ಮುಂದೆ ರೇವವ್ವ ಕುಳಿತಿದ್ದಾರೆ. ಒರಳಿನಲ್ಲಿ ಇರುವುದು ಚಟ್ನಿಯಲ್ಲ, ಹುಣಸೆ ಬೀಜ. ಹುರಿದು, ಸಿಪ್ಪೆ ತೆಗೆದು, ನೀರಿನಲ್ಲಿ ನೆನೆಸಿದ ಬೀಜವನ್ನು ಬೆಣ್ಣೆಯ ಹದಕ್ಕೆ ರುಬ್ಬಿ ಒಲೆಯ ಮೇಲೆ ಕುದಿಸಿದರೆ ಅಂಟು ಸಿದ್ಧ. ಹುಳ ಬೀಳದಿರಲಿ ಎಂದು ಅದಕ್ಕೆ ಚಿಟಿಕೆ ಮೈಲುತುತ್ತ ಸೇರಿಸುತ್ತಾರೆ. ಪಕ್ಕದಲ್ಲಿ ಒಂದು ಮಣ್ಣಿನ ಗಡಿಗೆ ಬೋರಲು ಬಿದ್ದಿದೆ. ಅದಕ್ಕೆ ಬೂದಿ ಸವರಿ, ಅಂಟಿನಲ್ಲಿ ಅದ್ದಿದ ಹಳೆಯ ಕಾಗದವನ್ನು ಒಂದರ ಮೇಲೊಂದು ಹಚ್ಚುತ್ತ ಹೋಗುತ್ತಾರೆ. ಕಾಗದ ನೆರಳಿನಲ್ಲಿ ಒಣಗಿ ಗಟ್ಟಿಯಾದ ಮೇಲೆ ಗಡಿಗೆಯಿಂದ ಕಳಚಿಕೊಂಡು ಬರುತ್ತದೆ. ಅದೇ ಅರಸನ ಕಿರೀಟದ ಬುಡ.

"ಬಿಸಲ ಏರೂದ್ರಾಗ ಒಂದ ಸುತ್ತ ಮುಗೀಬೇಕ್ರಿ," ಎನ್ನುತ್ತಾರೆ ಕೈ ನಿಲ್ಲಿಸದೆ. "ಬಿಸಲಾಗ ಹಚ್ಚಿದ್ರ ಹಾಳಿ ಲಗೂನ ಒಣಗಿ ನಿರಿಗಿ ಬೀಳತೈತಿ. ಅರಸನ ಕಿರೀಟ ನನ್ನ ಮಾರಿ ಹಂಗ ಇರಬಾರದಲ್ರಿ?"

ಐವತ್ತೆಂಟರ ರೇವವ್ವ ದೊಡ್ಡಾಟದ ವೇಷ ಕಟ್ಟುವವರು. ಅಣ್ಣಿಗೇರಿ, ನವಲಗುಂದ, ಕುಂದಗೋಳ ಸುತ್ತಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಊರಿನ ಗಂಡಸರೇ ಸೇರಿ ಆಡುವ ಆಟಕ್ಕೆ ಕಿರೀಟ, ಭುಜಕೀರ್ತಿ, ಎದೆಕಟ್ಟು, ಸೊಂಟಪಟ್ಟಿ ಎಲ್ಲವೂ ಅವರ ಪಡಸಾಲೆಯಿಂದಲೇ ಹೋಗುತ್ತವೆ. ಆಟದ ಕರಪತ್ರದಲ್ಲಿ ಅರಸನಿಂದ ಹಿಡಿದು ಹಾರ್ಮೋನಿಯಂ ಪೆಟ್ಟಿಗೆ ಬಾರಿಸುವವರವರೆಗೆ ಎಲ್ಲರ ಹೆಸರಿರುತ್ತದೆ. ಚಹಾ ಕೊಡಿಸಿದವರ ಹೆಸರೂ ಇರುತ್ತದೆ. ವೇಷ ಕಟ್ಟಿದವರ ಹೆಸರು ಇರುವುದಿಲ್ಲ. ಆಟ ನಡೆಯುವಷ್ಟು ಹೊತ್ತು ರೇವವ್ವ ಪರದೆಯ ಹಿಂದೆ ಸೂಜಿ ದಾರ ಹಿಡಿದು ಕುಳಿತಿರುತ್ತಾರೆ. ಕುಣಿತದಲ್ಲಿ ಏನಾದರೂ ಹರಿದರೆ, ಕಳಚಿದರೆ ಅವರ ಕೈಗೇ ಬರಬೇಕು.

ಈ ಕೆಲಸ ಅವರಿಗೆ ಮಾವನಿಂದ ಬಂದದ್ದು. ಮದುವೆಯಾಗಿ ಬಂದಾಗ ಅವರ ಪಾಲಿಗಿದ್ದದ್ದು ಬೀಜ ರುಬ್ಬುವುದು ಮತ್ತು ಕನ್ನಡಿ ಚೂರು ಆರಿಸಿಡುವುದು, ಅಷ್ಟೇ. ಮಾವನ ಕಿರೀಟಗಳು ಮುಂದಿನಿಂದ ನೋಡಲು ಸೊಗಸಾಗಿದ್ದವು. ಆದರೆ ಅಷ್ಟೂ ಭಾರ ಹಣೆಯ ಮೇಲೆ ಕೂರುತ್ತಿತ್ತು. ಆಟ ಮುಗಿಸಿ ಬಂದ ಅರಸನ ಹಣೆಯ ಮೇಲೆ ಹಗ್ಗ ಕೊರೆದಂತಹ ಗಾಯವಾಗಿರುತ್ತಿತ್ತು. ಪರದೆಯ ಹಿಂದೆ ಕುಳಿತ ಸೊಸೆಗೆ ಮಾತ್ರ ಅದು ಕಾಣುತ್ತಿತ್ತು. ಒಂದು ದಿನ ಅವರು ಮಾವನನ್ನು, ಕಿರೀಟದೊಳಗೆ ಸಿಂಬಿ ಇಡೋಣವೇ ಎಂದು ಕೇಳಿದರು. ಕೊಡ ಹೊರುವಾಗ ಹೆಂಗಸರು ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ ಅದು.

"ಮಾವ ಬಿದ್ದ ಬಿದ್ದ ನಕ್ಕರ್ರಿ. ಕೆರಿ ನೀರ ಹೊರೂ ಸಿಂಬಿ ತಗೊಂಡ ಹೋಗಿ ಅರಸನ ತಲಿಗಿ ಇಡ್ತೀಯೇನವಾ ಅಂದ್ರು. ಆಮ್ಯಾಲೆ ಅವರು ಸಂತಿಗಿ ಹೋದಾಗ ಒಂದ ಕಿರೀಟದಾಗ ಇಟ್ಟು ಹೊಲದ ಬಿಟ್ಟೆ. ಆ ಸಲ ಅರಸನ ಪಾರ್ಟ ಮಾಡಿದವ ಆಟ ಮುಗದ ಮ್ಯಾಲೂ ಕಿರೀಟ ಇಳಸಾಕ ಒಲ್ಲೆ ಅಂತಿದ್ದ. ಮುಂದಿನ ಕಿರೀಟ ಕಟ್ಟೂವಾಗ ಮಾವ, 'ಸಿಂಬಿ ಸುತ್ತಿಯೇನವಾ' ಅಂತ ತಾವ ಕೇಳಿದ್ರು."

ಅಲ್ಲಿಂದ ಅವರ ಕೆಲಸದ ನಿಜವಾದ ಜಾಣ್ಮೆ ಕಿರೀಟದ ಒಳಗೆ ಸೇರಿಕೊಂಡಿತು. ತೊಳೆದು ತೊಳೆದು ಮೆತ್ತಗಾದ ಹಳೆಯ ಧೋತ್ರದ ಬಟ್ಟೆ, ಅದರೊಳಗೆ ಕೈಯಲ್ಲೇ ಹಿಂಜಿದ ಜವಾರಿ ಹತ್ತಿ, ನಡುವೆ ಸಿಂಬಿ, ಗದ್ದದ ಕೆಳಗೆ ಮತ್ತು ಕತ್ತಿನ ಹಿಂದೆ ಬಿಗಿಯುವ ಕಸಿಯ ದಾರ. ವೇಷ ಹಾಕುವವನ ತಲೆಯನ್ನು ಅವರು ಟೇಪಿನಿಂದ ಅಳೆಯುವುದಿಲ್ಲ; ಎರಡೂ ಅಂಗೈಯಲ್ಲಿ ಹಿಡಿದು ನೋಡುತ್ತಾರೆ. ಯಾವ ಕಡೆ ಉಬ್ಬಿದೆ, ಯಾವ ಕಡೆ ತಗ್ಗಿದೆ ಎಂಬುದು ಕೈಗೆ ತಿಳಿಯುತ್ತದಂತೆ. ಹತ್ತಿ ತುಂಬುವುದು ಆ ಲೆಕ್ಕದ ಮೇಲೆ.

"ಮುಂದಿನ ಹೊಳಿಯೂ ಬೇಗಡಿ, ಕನ್ನಡಿ ನೋಡಾಕ ಇಡೀ ಊರ ಐತ್ರಿ," ಎನ್ನುತ್ತಾರೆ. "ಒಳಗ ನೋಡಿದವರ ಯಾರೂ ಇಲ್ಲ. ಹಾಕ್ಕೊಂಡವಗೂ ಕಾಣೂದಿಲ್ಲ, ಅವನ ತಲಿ ಒಳಗ ಇರತೈತಲ್ಲ."

ಈಚೆಗೆ ಅನೇಕ ತಂಡಗಳು ಪಟ್ಟಣದ ಅಂಗಡಿಗಳಿಂದ ಪ್ಲಾಸ್ಟಿಕ್ ಕಿರೀಟಗಳನ್ನು ಬಾಡಿಗೆಗೆ ತರುತ್ತಿವೆ. ಅವು ಹಗುರ, ಹೊಳಪೂ ಹೆಚ್ಚು. ರೇವವ್ವನ ಪಡಸಾಲೆಗೆ ತಪ್ಪದೆ ಬರುವವರು ಬೆರಳೆಣಿಕೆಯ ಊರಿನವರು ಮಾತ್ರ. ಅವರಲ್ಲಿ ಒಬ್ಬರು ಕುಂದಗೋಳ ತಾಲ್ಲೂಕಿನ ಕುಬಿಹಾಳದ ಶಂಭುಲಿಂಗಪ್ಪ. ಒಕ್ಕಲುತನ ಮಾಡಿಕೊಂಡು ಊರಿನ ದೊಡ್ಡಾಟ ತಂಡಕ್ಕೆ ಮಾಸ್ತರಿಕೆ ಮಾಡುವವರು. ಕಳೆದ ಚಳಿಗಾಲದಲ್ಲಿ ಅವರ ತಂಡಕ್ಕಾಗಿ ಕಟ್ಟಿದ ಹೊಸ ಕಿರೀಟವೇ ರೇವವ್ವನನ್ನು ಹುಬ್ಬಳ್ಳಿಯವರೆಗೆ ಕರೆದೊಯ್ದದ್ದು.

ಮಗಳು ಸೌಂದರ್ಯಾ ಹುಬ್ಬಳ್ಳಿಯ ಒಂದು ರಕ್ತಪರೀಕ್ಷೆ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಕಾಮಿಕ್ಸ್, ಕಾರ್ಟೂನು, ವಿಡಿಯೊ ಆಟಗಳ ಅಭಿಮಾನಿಗಳು ತಮಗಿಷ್ಟವಾದ ಪಾತ್ರದ ವೇಷ ಹಾಕಿಕೊಂಡು ಸೇರುವ ಸಮಾವೇಶವೊಂದು ಅಲ್ಲಿ ನಡೆಯಲಿದೆ ಎಂದು ಅವಳಿಗೆ ಮೊಬೈಲಿನಲ್ಲಿ ತಿಳಿಯಿತು. ಅಂಥ ವೇಷಕ್ಕೆ ಕಾಸ್‌ಪ್ಲೇ ಎನ್ನುತ್ತಾರೆ. ಅಲ್ಲಿ ಕೈಕೆಲಸದ ಸ್ಪರ್ಧೆಯೂ ಇತ್ತು. ಅದರ ನಿಯಮಗಳು ಎರಡು: ವೇಷ ಕಟ್ಟಿದವರೇ ಅದನ್ನು ಹಾಕಿಕೊಂಡು ಬರಬೇಕು, ತೀರ್ಪುಗಾರರು ವೇಷದ ಪ್ರತಿ ಭಾಗವನ್ನೂ ಕೈಗೆತ್ತಿಕೊಂಡು ಒಳಗೂ ಹೊರಗೂ ನೋಡುತ್ತಾರೆ. ಅದಾದ ಮೇಲೆ ಪ್ರತಿಯೊಬ್ಬರಿಗೂ ವೇದಿಕೆಯ ಮೇಲೆ ಸ್ವಲ್ಪ ಹೊತ್ತು.

"ಒಳಗೂ ನೋಡತಾರೇನ ಬೇ?" ಎಂದು ರೇವವ್ವ ಎರಡು ಸಲ ಕೇಳಿದರು. ಹೌದು ಎಂದಳು ಮಗಳು. ಮೂವತ್ತು ವರ್ಷ ಅರಸರನ್ನು ಸಿಂಗರಿಸಿದ ರೇವವ್ವ ಒಮ್ಮೆಯೂ ಕಿರೀಟ ತೊಟ್ಟವರಲ್ಲ. ಆ ಒಂದು ಮಾತಿಗಾಗಿ ಒಪ್ಪಿಕೊಂಡರು.

ಕಿರೀಟ ಕುಬಿಹಾಳದವರದ್ದು. ಶಂಭುಲಿಂಗಪ್ಪನವರನ್ನು ಕೇಳದೆ ಒಯ್ಯುವಂತಿರಲಿಲ್ಲ. "ಒಯ್ಯವಾ, ನೀನ ಕಟ್ಟಿದ್ದು," ಎಂದರು ಅವರು. "ರೂಢಿ ಅಂತೂ ನಿನಗ ಗೊತ್ತ ಐತಿ."

ಆ ಕಡೆಯ ದೊಡ್ಡಾಟದವರ ರೂಢಿ ಇಷ್ಟೇ. ಕಿರೀಟಕ್ಕೆ ಪೂಜೆಯಾಗಿ, ದೀಪದ ಮುಂದೆ ಪೂರ್ವಕ್ಕೆ ಮುಖ ಮಾಡಿ ತಲೆಗೇರಿಸಿಕೊಂಡರೆ ಮುಗಿಯಿತು. ಆಟವಾಗಿ ಮಂಗಳ ಹಾಡುವವರೆಗೆ ಅದನ್ನು ಇಳಿಸುವಂತಿಲ್ಲ. ಸೆಕೆಯಾಗಲಿ, ತಲೆ ಕೆರೆಯಲಿ, ಅರಸ ಅರಸನಾಗಿಯೇ ಇರಬೇಕು.

ಸಮಾವೇಶದ ದಿನ ರೇವವ್ವ ಮಾಡಿದ ತಪ್ಪು ಹುಟ್ಟಿದ್ದು ಈ ರೂಢಿಯಿಂದಲೇ. ಹುಬ್ಬಳ್ಳಿಯ ಸಭಾಭವನದಲ್ಲಿ ದೀಪವೆಲ್ಲಿ, ಪೂರ್ವ ಯಾವ ಕಡೆ ಎಂದು ಯೋಚಿಸಿ, ಸೂರ್ಯ ಹುಟ್ಟುವ ಹೊತ್ತಿಗೆ ಮನೆಯಲ್ಲೇ ಪೂಜೆ ಮುಗಿಸಿದರು. ಭುಜಕೀರ್ತಿ, ಎದೆಕಟ್ಟು ಬಿಗಿದು, ಕಾಲಿಗೆ ಗೆಜ್ಜೆ ಕಟ್ಟಿ, ಮೀಸೆ ಅಂಟಿಸಿಕೊಂಡು, ಕಿರೀಟವನ್ನೂ ಏರಿಸಿಬಿಟ್ಟರು. ಪತಿ ಚನ್ನಬಸಪ್ಪ ಬಾಗಿಲಲ್ಲಿ ನಿಂತು ನೋಡಿ, "ರಾಜರು ಇವತ್ತ ರೊಟ್ಟಿ ಬಡದು ಹೋಗತೀರೋ, ಹಂಗ ದಂಡೆತ್ತಿ ಹೋಗತೀರೋ?" ಎಂದು ಕೇಳಿದರು. ಅರಸರು ರೊಟ್ಟಿ ಬಡಿಯದೆ ಹೊರಟರು.

ಅಣ್ಣಿಗೇರಿಯಲ್ಲಿ ಹುಬ್ಬಳ್ಳಿ ಬಸ್ಸು ಹತ್ತುವಾಗ ಕಿರೀಟ ಬಾಗಿಲಿಗೆ ತಾಗಿತು. ಅರ್ಧ ಬಗ್ಗಿ ಒಳಗೆ ಬಂದವರಿಗೆ ಮುಂದಿನ ಸೀಟಿನ ಹೆಂಗಸರು ಜಾಗ ಬಿಟ್ಟರು. ಕಂಡಕ್ಟರ್ ಮೇಲಿನಿಂದ ಕೆಳಗೆ ನೋಡಿದ.

"ಟಿಕೀಟ್ ತಗೋರಿ ಮಹಾರಾಜ್ರ. ಹೆಣ್ಮಕ್ಕಳಿಗಷ್ಟ ಫ್ರೀ, ಅರಸರಿಗಿಲ್ಲ."

"ಅರಸನ ಒಳಗ ಹೆಣ್ಮಗಳ ಅದಾಳಪಾ. ಆಧಾರ ಕಾರ್ಡ ತೋರಸ್ಲೇನು?"

"ಕಾರ್ಡಿನ್ಯಾಗ ಮೀಸಿ ಇಲ್ಲಲ್ರಿ ಮತ್ತ!"

ಬಸ್ಸೆಲ್ಲ ನಕ್ಕಿತು. ಹುಬ್ಬಳ್ಳಿಯ ನಿಲ್ದಾಣದಲ್ಲಿ ಕಾಯುತ್ತಿದ್ದ ಸೌಂದರ್ಯಾಳಿಗೆ ಮಾತ್ರ ನಗು ಬರಲಿಲ್ಲ. "ಅವ್ವಾ, ಚೀಲದಾಗ ಹಾಕ್ಕೊಂಡ ಬರತಿ ಅಂತ ಮಾಡಿದ್ದೆ. ಅಲ್ಲೇ ಹಾಕ್ಕೋಬೇಕಿತ್ತಲ್ಲ!" ಎಂದಳು. "ಅಲ್ಲಿ ದೀಪ ಯಾರ ಹಚ್ಚತಾರ?" ಎಂಬುದು ಅವ್ವನ ಉತ್ತರ.

ಸಭಾಭವನದೊಳಗೆ ರೇವವ್ವನಿಗೆ ಅಂಜಿಕೆಯಾಗಲಿಲ್ಲ. ಅಲ್ಲಿದ್ದವರೆಲ್ಲ ವೇಷದವರೇ. ರೆಕ್ಕೆ ಕಟ್ಟಿಕೊಂಡವರು, ನೀಲಿ ಕೂದಲಿನವರು, ರಟ್ಟಿನ ಕವಚದ ಯಂತ್ರಮಾನವರು. ಬೇರೆ ಬಗೆಯ ಕವಚ ತೊಟ್ಟಿದ್ದ ತರುಣನೊಬ್ಬನ ತೋಳು ಮುಟ್ಟಿ ನೋಡಿ, ಯಾವುದರಿಂದ ಮಾಡಿದ್ದು ಎಂದು ಕೇಳಿದರು. ಯೋಗ ಮಾಡುವ ಚಾಪೆ ಕತ್ತರಿಸಿ, ಬಿಸಿ ಮಾಡಿ ಬಗ್ಗಿಸಿದ್ದು ಎಂದ ಅವನು. "ಅಗದಿ ಚಲೋ ಮಾಡೀಯಪಾ. ಒಳಗ ಬೆವರತೈತೇನು?" ಎಂದರು. "ಭಾಳ ಬೆವರತೇನ್ರಿ ಸರ್," ಎಂದವನು, ಮೀಸೆಯ ಕೆಳಗಿನ ನಗೆ ನೋಡಿ, "ಸಾರಿ, ಆಂಟಿ" ಎಂದು ತಿದ್ದಿಕೊಂಡ. ನೀಲಿ ಕೂದಲಿನ ಹುಡುಗಿಯೊಬ್ಬಳು ಓಡಿ ಬಂದು ಜೊತೆಗೆ ಫೋಟೊ ತೆಗೆಸಿಕೊಂಡಳು.

"ಇದು ಯಾವ ಸೀರಿಸ್‌ದು ಆಂಟಿ?"

"ಕುಬಿಹಾಳದ್ದು ಬೇ."

ತೊಡಕು ಎದುರಾದದ್ದು ತೀರ್ಪುಗಾರರ ಕೊಠಡಿಯಲ್ಲಿ. ಅಲ್ಲಿದ್ದವರು ಧಾರವಾಡದ ನೇತ್ರಾ. ನಾಟಕಗಳಿಗೆ ಉಡುಪು ಹೊಲಿಯುವುದೇ ಅವರ ವೃತ್ತಿ. ಭುಜಕೀರ್ತಿಯ ಹಿಂಬದಿಯನ್ನು, ಎದೆಕಟ್ಟಿನ ಹೊಲಿಗೆಯನ್ನು ಬೆರಳಾಡಿಸಿ ನೋಡಿದರು. ಆಮೇಲೆ, "ಕಿರೀಟ ತಗದು ಕೊಡ್ರಿ ಅವ್ವಾರ, ಒಳಗ ನೋಡತೇನಿ," ಎಂದು ಎರಡೂ ಕೈ ಚಾಚಿದರು.

ಇಷ್ಟು ವರ್ಷದಲ್ಲಿ ಯಾರೂ ಕೇಳದಿದ್ದ ಮಾತು. ರೇವವ್ವನ ಕೈ ಗದ್ದದ ಕೆಳಗಿನ ಕಸಿಯವರೆಗೆ ಹೋಯಿತು. ಅಲ್ಲೇ ನಿಂತಿತು.

"ಈಗ ಬರೂದಿಲ್ರಿ. ಮಂಗಳ ಆಗಿಲ್ಲ."

ನೇತ್ರಾಗೆ ಅರ್ಥವಾಗಲಿಲ್ಲ. ಸೌಂದರ್ಯಾ ಬಿಡಿಸಿ ಹೇಳಿದಳು. ನೇತ್ರಾ ತಾಳ್ಮೆಯಿಂದ ಕೇಳಿಸಿಕೊಂಡು, ತಮ್ಮ ಕಷ್ಟವನ್ನೂ ಹೇಳಿದರು: ಒಳಗೆ ನೋಡದೆ ಅಂಕ ಕೊಟ್ಟರೆ ಉಳಿದವರಿಗೆ ಅನ್ಯಾಯವಾಗುತ್ತದೆ; ಕಿರೀಟವನ್ನು ಬಿಟ್ಟು ನೋಡಿದರೆ ಈ ವೇಷದಲ್ಲಿ ನೋಡುವುದಕ್ಕೆ ಅರ್ಧವೂ ಉಳಿಯುವುದಿಲ್ಲ. ಹೊರಗೆ ಸಾಲು ಬೆಳೆಯುತ್ತಿತ್ತು. ಮಗಳು ಅವ್ವನನ್ನು ಗೋಡೆಯ ಕಡೆಗೆ ಕರೆದೊಯ್ದಳು.

"ತಗಿಯವ್ವಾ. ಇದರ ಸಲುವಾಗೆ ಬಂದಿ. ಶಂಭು ಕಾಕಾ ಏನ ನೋಡಾಕ ಬಂದಾರೇನು?"

"ಬಂದಿಲ್ಲ."

"ಮುಂದ ಕೇಳತಾರೇನು?"

"ಕೇಳೂದಿಲ್ಲ. ಕೇಳೂದಿಲ್ಲ ಅಂತನ ಕೊಟ್ಟಾರ ಬೇ."

ಸೌಂದರ್ಯಾ ಸಿಟ್ಟಿನಿಂದಲೇ ಕುಬಿಹಾಳಕ್ಕೆ ಫೋನು ಹಚ್ಚಿದಳು. ಶಂಭುಲಿಂಗಪ್ಪ ಕಡಲೆ ಹೊಲದಲ್ಲಿದ್ದರು. ನಡೆದದ್ದನ್ನು ಕೇಳಿ, ಫೋನಿನಲ್ಲೇ ಮಂಗಳ ಹಾಡಿಬಿಡಿ ಕಾಕಾ ಎಂಬ ಮಾತಿಗೆ ಅವರು ಒಂದೇ ಪ್ರಶ್ನೆ ಕೇಳಿದರು: "ಆಟ ಆಗೇತೇನವಾ?" ಇಲ್ಲ ಎಂದಳು. "ಆಟ ಆಗಲಾರದ ಮಂಗಳ ಎಲ್ಲೀದು? ಒಂದ ಪ್ರವೇಶ ಆದ್ರೂ ಆಗಲಿ. ಆಮ್ಯಾಲೆ ಫೋನ ಮಾಡು, ಹಾಡತೇನಿ."

ನೇತ್ರಾ ಸಂಘಟಕರೊಡನೆ ಮಾತನಾಡಿ ಒಂದು ದಾರಿ ತೆಗೆದರು. ರೇವವ್ವ ಮೊದಲು ವೇದಿಕೆಗೆ ಹೋಗಲಿ, ಕಿರೀಟವನ್ನು ಆಮೇಲೆ ನೋಡೋಣ. ಆದರೆ ವೇದಿಕೆಯ ಸಮಯ ಎಲ್ಲರಿಗೂ ಒಂದೇ. ಮಂಗಳ ಸೇರಿ ಅದು ಮೀರಿದರೆ ಅಂಕ ಕಡಿತವಾಗುತ್ತದೆ. "ಕಡೀರಿ," ಎಂದರು ರೇವವ್ವ.

ವೇದಿಕೆಯ ಮೇಲೆ ಹೋಗಿ ನಿಂತವರಿಗೆ ಬಾಯಿ ಬರಲಿಲ್ಲ. ಮೂವತ್ತು ವರ್ಷ ಅರಸರ ಬೆನ್ನು ನೋಡಿದವರು ಅವರು. ಜನರ ಮುಖ ಕಾಣುವ ಜಾಗ ಅವರಿಗೆ ಹೊಸದು. ಸಭೆ ಕಾಯಿತು. ನಿರೂಪಕ ಹೇಮಂತ ಎಲ್ಲ ಸ್ಪರ್ಧಿಗಳಿಗೂ ಕೇಳುವ ಪ್ರಶ್ನೆಯನ್ನೇ ಮೈಕಿನಲ್ಲಿ ಕೇಳಿದ: "ತಾವು ಯಾರು? ಎಲ್ಲಿಂದ ಬಂದಿರಿ?"

ದೊಡ್ಡಾಟದಲ್ಲಿ ರಂಗದ ಅಟ್ಟವೇರಿದ ಅರಸನನ್ನು ಸಾರಥಿ ಕೇಳುವ ಮೊದಲ ಮಾತು ಇದೇ. ಹೇಮಂತನಿಗೆ ಅದು ಗೊತ್ತಿರಲಿಲ್ಲ. ರೇವವ್ವನ ಕಾಲಿಗೆ ಗೊತ್ತಿತ್ತು. ಬಲಗಾಲು ನೆಲಕ್ಕೆ ಅಪ್ಪಳಿಸಿತು, ಗೆಜ್ಜೆ ಝಲ್ಲೆಂದಿತು.

"ಎಲೈ ಸಾರಥಿ! ನಾವು ಯಾರೆಂದು ಕೇಳುತ್ತೀಯಾ? ಎರೆಭೂಮಿಯ ಒಡೆಯರು, ಏಳು ಕೋಟೆಯ ಅರಸರು, ನಮ್ಮ ಹೆಸರು ಕೇಳಿದರೆ ವೈರಿಗಳ ಎದೆಯಲ್ಲಿ ನಗಾರಿ ಮೊಳಗುವುದು!"

ಹೇಮಂತ ಒಂದು ಹೆಜ್ಜೆ ಹಿಂದೆ ಸರಿದ. ನೀಲಿ ಕೂದಲು, ರಟ್ಟಿನ ಕವಚಗಳ ನಡುವಿನಿಂದ ಸಿಳ್ಳೆ ಬಂತು. ರೇವವ್ವ ಎಡಕ್ಕೊಂದು, ಬಲಕ್ಕೊಂದು ಸುತ್ತು ಕುಣಿದರು. ಹೆಜ್ಜೆ, ಭುಜದ ಅದಿರಾಟ ಎಲ್ಲ ಸರಿಯಾಗಿತ್ತು. ಮುಖದಲ್ಲಿ ಮಾತ್ರ ಅರಸನ ರೋಷ ಇರಲಿಲ್ಲ. "ಅವರು ಮಾರಿ ಹ್ಯಾಂಗ ಮಾಡತಾರ ಅಂತ ನಾ ಎಂದ ನೋಡೇನ್ರಿ?" ಎಂದು ಈಗ ನಗುತ್ತಾರೆ.

ಸೌಂದರ್ಯಾ ಫೋನನ್ನು ಮೈಕಿಗೆ ಹಿಡಿದಳು. ಕುಬಿಹಾಳದ ಹೊಲದಿಂದ ಶಂಭುಲಿಂಗಪ್ಪನವರ ಮಂಗಳ ಸಭಾಭವನದಲ್ಲಿ ಕೇಳಿತು. ನಡುವೆ ಒಂದು ಟ್ರ್ಯಾಕ್ಟರ್ ಹಾದುಹೋಯಿತು. ಅದು ದೂರವಾಗುವವರೆಗೆ ಅವರು ಅದೇ ಸಾಲನ್ನು ಮತ್ತೆ ಹಾಡಿದರು. ಸಮಯ ಮೀರಿತೆಂಬ ಗಂಟೆ ಹೊಡೆಯಿತು. ಮಂಗಳ ಮುಗಿದ ಮೇಲೆ ರೇವವ್ವ ಕೈಮುಗಿದು, ಕಸಿ ಬಿಚ್ಚಿ, ಕಿರೀಟ ಇಳಿಸಿದರು. ಬೆವರಿಗೆ ಅಂಟಿಕೊಂಡ ನರೆಗೂದಲು ಕಂಡಾಗ ಕೆಲವರಿಗೆ ಅರಸ ಹೆಂಗಸೆಂದು ತಿಳಿಯಿತು. ಚಪ್ಪಾಳೆ ಬಿದ್ದದ್ದು ಆಮೇಲೆ.

ಕೊಠಡಿಯಲ್ಲಿ ನೇತ್ರಾ ಕಿರೀಟವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಮೊಬೈಲಿನ ಬೆಳಕು ಬಿಟ್ಟು ಬಗ್ಗಿ ನೋಡಿದರು. ಸಿಂಬಿಯನ್ನು ಒತ್ತಿದರು, ಧೋತ್ರದ ಬಟ್ಟೆ ಸವರಿದರು, ಇದು ಯಾಕೆ ಹೀಗೆ, ಅದು ಯಾಕೆ ಹಾಗೆ ಎಂದು ಕೇಳಿದರು. ರೇವವ್ವ ಹೇಳುತ್ತ ಹೋದರು. ಕೊನೆಗೆ ನೇತ್ರಾ ಬಲಗಿವಿಯ ಕಡೆ ಬೆರಳಿಟ್ಟು ತಡೆದರು.

"ಇಲ್ಲಿ ಹತ್ತಿ ಕಡಿಮಿ ಆಗೇತಲ್ರಿ? ಕುಣಿವಾಗ ಕಿರೀಟ ಈ ಕಡೆ ವಾಲಿತು."

ರೇವವ್ವ ತಾವೇ ಬೆರಳಿಟ್ಟು ನೋಡಿದರು. ಹೌದು. ಆ ಕಡೆ ತುಂಬುವಾಗ ಹಿಂಜಿದ ಹತ್ತಿ ಮುಗಿದಿತ್ತು. ಇದ್ದಷ್ಟನ್ನೇ ಹರವಿ ಹೊಲಿದಿದ್ದರು.

"ಆಕಿ ಅಷ್ಟಂದದ್ದ ತಡ, ನನಗ ಕಣ್ಣಾಗ ನೀರ ಬಂತ್ರಿ," ಎನ್ನುತ್ತಾರೆ. "ಮಗಳು ಹೆದರಿದ್ಲು, ಅವ್ವಗ ಬ್ಯಾಸರಾತು ಅಂತ. ಬ್ಯಾಸರ ಎಲ್ಲೀದ್ರಿ? ಚಂದ ಐತಿ ಅಂತ ಹೇಳಾಕ ಯಾರ ಬೇಕಾದ್ರೂ ಬರತಾರ. ತಪ್ಪ ಹಿಡೀಬೇಕಂದ್ರ ಪೂರಾ ನೋಡಿರಬೇಕಲ್ರಿ."

ಬಹುಮಾನ ಬರಲಿಲ್ಲ. ಅಂಕ ಕಡಿತವಾಗಿತ್ತು, ಮೊದಲ ಬಹುಮಾನ ಬೆಳಗಾವಿಯ ಒಬ್ಬನ ಮಡಚಿ ಬಿಚ್ಚುವ ರೆಕ್ಕೆಗಳಿಗೆ ಹೋಯಿತು. ಆ ರೆಕ್ಕೆಗಳು ನಿಜಕ್ಕೂ ಚೆನ್ನಾಗಿದ್ದವು ಎಂದು ರೇವವ್ವನೇ ಹೇಳುತ್ತಾರೆ. ಮನೆಗೆ ಬಂದು ಬಲಗಿವಿಯ ಕಡೆಯ ಹೊಲಿಗೆ ಬಿಚ್ಚಿ ಹತ್ತಿ ತುಂಬಿದ ಮೇಲೆಯೇ ಕಿರೀಟವನ್ನು ಕುಬಿಹಾಳಕ್ಕೆ ಕಳಿಸಿದರು. ಯುಗಾದಿಯ ನಂತರ ಅಲ್ಲಿ ಆಟವಾಯಿತು; ಕಿರೀಟ ವಾಲಲಿಲ್ಲ.

ನೇತ್ರಾ ಬೇಸಿಗೆಯಲ್ಲಿ ಶಲವಡಿಗೆ ಬಂದು ಹೋದರು. ಈಗ ತಮ್ಮ ನಾಟಕದ ಕಿರೀಟಗಳಿಗೆ ಸಿಂಬಿ ಇಡುತ್ತಾರೆ. ಹುಬ್ಬಳ್ಳಿಯ ಆ ನೀಲಿ ಕೂದಲಿನ ಹುಡುಗಿ ಮತ್ತು ಅವಳ ಗೆಳತಿ ಕಿರೀಟ ಕಟ್ಟುವುದನ್ನು ಕಲಿಯಲು ರವಿವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಾರೆ. ಬೀಜ ರುಬ್ಬಿ ಕೈ ನೋಯಿಸಿಕೊಂಡು, ಮಿಕ್ಸಿಗೆ ಹಾಕಬಾರದೇ ಎಂದು ಕೇಳಿ, ಹಾಕಿ, ಮಿಕ್ಸಿಯನ್ನು ಕೆಡಿಸಿಯೂ ಆಗಿದೆ. ಚನ್ನಬಸಪ್ಪ ಅದನ್ನು ರಿಪೇರಿಗೆ ಅಣ್ಣಿಗೇರಿಗೆ ಒಯ್ದಿದ್ದಾರೆ. ಹುಡುಗಿಯರು ಗಡಿಗೆಗೆ ಹಚ್ಚಿದ ಮೊದಲ ಬುಡಗಳೆರಡೂ ಸುಕ್ಕುಗಟ್ಟಿ ಹಾಳಾದವು. ಮೂರನೆಯದು ಪಡಸಾಲೆಯ ನೆರಳಿನಲ್ಲಿ ಒಣಗುತ್ತಿದೆ. ರೇವವ್ವ ಅದನ್ನು ಮುಟ್ಟುವುದಿಲ್ಲ, ಹಾದುಹೋಗುವಾಗ ಓರೆಗಣ್ಣಿನಿಂದ ನೋಡುತ್ತಾರೆ, ಅಷ್ಟೇ.

ಮುಂದಿನ ಸಲ ಸಮಾವೇಶಕ್ಕೆ ಹೋಗುತ್ತೀರಾ ಎಂದರೆ ಕೈಯಾಡಿಸಿಬಿಡುತ್ತಾರೆ. "ಅವರ ಹೋಗಲಿ ಬಿಡ್ರಿ. ನನಗೊಂದ ಆಸೆ ಐತಿ. ಆ ಹುಡುಗ್ಯಾರು ಅಗದಿ ಚಲೋ ಒಂದ ಕಿರೀಟ ಕಟ್ಟಬೇಕು. ತಂದು ನನ್ನ ಮುಂದ ಬೋರಲ ಹಾಕಬೇಕು. ನಾ ಚಷ್ಮಾ ಹಾಕ್ಕೊಂಡ ಒಳಗೆಲ್ಲಾ ಹುಡುಕಬೇಕು. ಹುಡುಕಿ ಹುಡುಕಿ ಒಂದ ತಪ್ಪನೂ ಸಿಗಬಾರದು, ನನಗ ಸಿಟ್ಟ ಬರಬೇಕು."